ಇಳಿಸಿ ಬರುವಾಗಿನ ಸದ್ದು

ಊರಿನವರೆಲ್ಲ ಅವಳನ್ನು ಕರೆಯುತ್ತಿದ್ದುದು ಸೊಸೆ ಮೇಸ್ತ್ರಿ ಎಂದು. ಮದುವೆಯಾಗಿ ಆ ಮನೆಗೆ ಬಂದಾಗ ಅವಳಿಗೆ ಇಪ್ಪತ್ತೆರಡು. ಗಂಡ ಅಂಚೆ ಕಚೇರಿಯಲ್ಲಿ ಗುಮಾಸ್ತ, ಗ್ರೀಸಿನ ವಾಸನೆಗೇ ತಲೆ ಹಿಡಿದುಕೊಂಡು ಕೂರುವ ಜಾತಿ. ಮನೆಯ ಮುಂಭಾಗವೇ ಮಾವನ ಗ್ಯಾರೇಜು. ಒಂದು ಮಧ್ಯಾಹ್ನ ಊಟಕ್ಕೆ ಕರೆಯಲು ಹೋದವಳು ಬಾಗಿಲಲ್ಲೇ ನಿಂತು, "ಮಾವ, ಆ ಸದ್ದು ಮುಂದಿನ ಚಕ್ರದ್ದಲ್ಲ, ಹಿಂದಿಂದು ಅನ್ಸುತ್ತೆ" ಅಂದಳು. ಮಾವ ಬಿಚ್ಚಿ ನೋಡಿದರು. ಅವಳು ಹೇಳಿದ್ದೇ ಸರಿ. ಅಂದು ರಾತ್ರಿ ಊಟದ ಹೊತ್ತಿಗೆ ಅವರು ಹೆಂಡತಿಗೆ, "ಇವಳನ್ನ ಒಗ್ಗರಣೆ ಸದ್ದು ಕೇಳೋಕೆ ಇಟ್ಟುಕೋಬೇಡ, ನನಗೆ ಕೊಟ್ಟುಬಿಡು" ಅಂದರಂತೆ.

ಹದಿನೆಂಟು ವರ್ಷ ಇಬ್ಬರೂ ಒಟ್ಟಿಗೆ ಕೆಲಸ ಮಾಡಿದರು. ಮಾವ ಮಾತು ಕಮ್ಮಿ. ಹೇಳಿಕೊಟ್ಟಿದ್ದರಲ್ಲಿ ಅವಳಿಗೆ ಮರೆಯದೆ ಉಳಿದದ್ದು ಒಂದು: "ಗಾಡಿ ತಂದವನ ಕತೆ ಪೂರ್ತಿ ಕೇಳು. ಸುಳ್ಳಲ್ಲೂ ಸುಳಿವಿರುತ್ತೆ." ಆಮೇಲೆ ಅವರಿಗೆ ಮರೆವು ಹತ್ತಿತು. ಹಿಡಿದ ಸ್ಪ್ಯಾನರನ್ನೇ ಹುಡುಕುವುದು, ಬಿಚ್ಚಿದ್ದನ್ನು ಮತ್ತೆ ಬಿಚ್ಚುವುದು. ಒಂದು ದಿನ ಹಾಸಿಗೆ ಹಿಡಿದರು, ಆರು ತಿಂಗಳು ನರಳಿ ಹೋದರು. ಗ್ಯಾರೇಜು ಅವಳ ಕೈಗೆ ಬಂತು.

ಅದಾಗಿ ಮೂರು ವರ್ಷದ ಮೇಲೆ, ಬಿಸಿಲು ಸುಡುವ ಒಂದು ಮಧ್ಯಾಹ್ನ ಪುರಸಭೆಯ ಶವವಾಹನ ಬಂದು ಬಾಗಿಲಲ್ಲಿ ನಿಂತಿತು. ಸ್ಮಶಾನ ಇದ್ದದ್ದು ಕಲ್ಲುದಿಬ್ಬದ ನೆತ್ತಿಯಲ್ಲಿ. ಆ ಏರಿಗೆ ನಾಲ್ಕೂ ಚಕ್ರ ಎಳೆಯುವ ಗಾಡಿಯೇ ಬೇಕೆಂದು ಎಂದೋ ತಂದ ಹಳೆಯ ಫೋರ್ ವ್ಹೀಲ್ ಅದು. ಅದರ ಚಾಲಕನನ್ನು ಊರು ಕೊನೇಬಸ್ಸು ಎಂದು ಕರೆಯುತ್ತಿತ್ತು. ತಮಾಷೆಯ ಮನುಷ್ಯ. "ನನ್ನ ಪ್ಯಾಸೆಂಜರು ಯಾರೂ ಇವತ್ತಿನವರೆಗೆ ಕಂಪ್ಲೇಂಟ್ ಮಾಡಿಲ್ಲ" ಅನ್ನುತ್ತಿದ್ದವನು. ಆ ದಿನ ಮಾತ್ರ ಕೆಳಗಿಳಿದು, ಕೀಲಿ ಕೈಯಲ್ಲೇ ತಿರುಗಿಸುತ್ತ ನಿಂತ.

"ಏನಣ್ಣ?"

"ಗಾಡಿ ಅಳುತ್ತೆ ಅಕ್ಕ."

"ಯಾವಾಗ?"

"ಇಳಿಸಿ ಬರುವಾಗ."

ಅವಳು ಕೈ ಒರೆಸಿಕೊಂಡು ಸ್ಟೂಲು ಎಳೆದು ಕೊಟ್ಟಳು. ಅವನು ಕೂರಲಿಲ್ಲ.

"ಹೋಗುವಾಗ ಏನೂ ಇಲ್ಲ. ಹೆಣ ಇರುತ್ತೆ, ಹೆಗಲು ಕೊಡೋ ಆರೇಳು ಜನ ಹಿಂದೆ ಕೂತಿರ್ತಾರೆ, ಗಾಡಿ ಗಪ್‌ಚುಪ್. ಇಳಿಸಿದ ಮೇಲೆ ಅವರೆಲ್ಲ ಅವರವರ ಗಾಡೀಲಿ ಹೋಗ್ತಾರೆ. ನಾನೊಬ್ಬನೇ ವಾಪಸ್. ಏರಿಗೆ ಹಾಕಿದ್ದ ಫೋರ್ ವ್ಹೀಲ್ ಲಿವರ್ ತೆಗೆದು, ದಿಬ್ಬ ಇಳಿದು ನೇರ ರಸ್ತೆ ಸಿಗುತ್ತಲ್ಲ, ಅಲ್ಲಿ ಶುರು. ಹ್ಞೂಂ… ಹ್ಞೂಂ… ಅಂತ. ಹಿಂದೆ ಯಾರೋ ಮಲಗಿಕೊಂಡು ನರಳಿದ ಹಾಗೆ. ತಿರುಗಿ ನೋಡಿದ್ರೆ ಖಾಲಿ."

"ಬೇರೆಲ್ಲೂ ತೋರಿಸಿಲ್ವಾ?"

"ಮೂರು ಗ್ಯಾರೇಜು ಆಯ್ತು. ಹಿಂದಿನ ಹೌಸಿಂಗಿನ ಬೇರಿಂಗ್ ಹೊಸದು. ಎಣ್ಣೆ ಹೊಸದು. ಹಿಂದಿನ ಚಕ್ರ ತಿರುಗಿಸೋ ಶಾಫ್ಟಿನ ಎರಡು ತುದಿಗೂ ಹೊಸ ಕ್ರಾಸು, ಅದೇ ತಿರುಗೋ ಕೀಲು. ಅಳೋದು ಮಾತ್ರ ಹಳೇದೇ."

"ಮಾವ ಹೋದ ಮೇಲೆ ನನ್ನ ಹತ್ರ ಯಾಕೆ ಬರ್ಲೇ ಇಲ್ಲ?"

ಅವನು ನೆಲ ನೋಡಿದ. "ಯಾವತ್ತು ಶುರುವಾಯ್ತೋ ಸರಿಯಾಗಿ ಗೊತ್ತಿಲ್ಲ. ಆದ್ರೆ ನಿಮ್ಮ ಮಾವನ್ನ ಇಳಿಸಿ ಬಂದ ದಿನ ಜೋರಾಗಿತ್ತು. ಅದನ್ನ ನಿಮಗೆ ಹೇಗೆ ಹೇಳ್ಲಿ?"

ಅವಳು ಗಾಡಿಯ ಸುತ್ತ ಒಂದು ಸುತ್ತು ಬಂದಳು. ಆಮೇಲೆ, "ಹೋಗುವಾಗ ಒಂದು ದಿನವೂ ಬಂದಿಲ್ವಾ? ಯೋಚನೆ ಮಾಡಿ ಹೇಳಿ" ಅಂದಳು.

"ಒಂದೇ ಸಲ. ಹೋದ ವರ್ಷ. ಚಿಕ್ಕ ಮಗು ಅದು. ಹಿಂದೆ ಅಪ್ಪ ಒಬ್ಬನೇ, ಮಡಿಲಲ್ಲಿ ಇಟ್ಕೊಂಡು ಕೂತಿದ್ದ. ಆ ದಿನ ಹೋಗುವಾಗಲೂ ಬಂತು. ಅವನು ನಾನು ಅಳ್ತಿದೀನಿ ಅಂದ್ಕೊಂಡ. ನಾನು ಅವನು ಅಳ್ತಿದಾನೆ ಅಂದ್ಕೊಂಡೆ."

ಅವಳಿಗೆ ಮೈ ಜುಮ್ಮೆಂದಿತು. ಆದರೆ ಅದೇ ಗಳಿಗೆಯಲ್ಲಿ ತಲೆಯ ಇನ್ನೊಂದು ಮೂಲೆ ಲೆಕ್ಕ ಹಾಕುತ್ತಿತ್ತು: ಮಗು. ಒಬ್ಬನೇ ಅಪ್ಪ. ಭಾರ ಇಲ್ಲ.

ಇಬ್ಬರೂ ಹೊರಟರು. ನೇರ ರಸ್ತೆಗೆ ಬಂದು ವೇಗದ ಮುಳ್ಳು ನಲವತ್ತೈದು ದಾಟುತ್ತಿದ್ದಂತೆ ಅದು ಬಂತು. ಮೊದಲು ಕಾಲಡಿಯಲ್ಲಿ ಸಣ್ಣ ನಡುಕ, ಆಮೇಲೆ ಏರಿ ಇಳಿಯುವ ನರಳಾಟ. ಅವನು ಕತೆ ಕಟ್ಟಿಲ್ಲ ಎಂಬುದು ಅವಳಿಗೆ ಖಾತ್ರಿಯಾಯಿತು.

"ಗೇರು ಇಳಿಸಿ. ವೇಗ ಅಷ್ಟೇ ಇರ್ಲಿ."

ಇಂಜಿನ್ ಕೂಗಿಕೊಂಡಿತು. ನರಳಾಟದ ದನಿ ಒಂದಿಷ್ಟೂ ಬದಲಾಗಲಿಲ್ಲ.

"ನ್ಯೂಟ್ರಲ್ ಮಾಡಿ."

ಇಂಜಿನ್ನಿನ ದನಿ ತಗ್ಗಿತು. ಅದು ಮಾತ್ರ ನಿಲ್ಲಲಿಲ್ಲ. ಅಂದರೆ ಇಂಜಿನ್ನಿನದಲ್ಲ, ಗೇರಿನದಲ್ಲ. ಗೇರುಪೆಟ್ಟಿಗೆಯಿಂದಾಚೆ, ಚಕ್ರದ ಜೊತೆ ತಿರುಗುವ ಯಾವುದೋ ಒಂದು. ಗಾಡಿ ನಿಲ್ಲಿಸಿ ಮುಂದಿನ ಎರಡು ಚಕ್ರಗಳ ನಡುವಿನ ಹಬ್ಬಿನ ಲಾಕು ಬಿಡಿಸಿದಳು. ಈಗ ಚಕ್ರ ಉರುಳಿದರೂ ಮುಂದಿನ ಶಾಫ್ಟು ತಿರುಗುವುದಿಲ್ಲ. ಮತ್ತೆ ಓಡಿಸಿದರು. ಮತ್ತೆ ಬಂತು. ಅಂದರೆ ಹಿಂಬದಿಯದೇ.

"ನಾನು ಹಿಂದೆ ಮಲಗ್ತೀನಿ" ಅಂದಳು.

"ಬೇಡಕ್ಕ. ಅಲ್ಲಿ ಬದುಕಿರೋರು ಮಲಗೋದಲ್ಲ."

"ಕೂತ್ರೆ ತಿಳಿಯಲ್ಲ ಅಣ್ಣ. ಮೈ ನೆಲಕ್ಕೆ ತಾಗ್ಬೇಕು."

ಹಿಂಬದಿಯಲ್ಲಿ ಎರಡು ಬದಿಗೆ ಉದ್ದ ಬೆಂಚು, ನಡುವೆ ಸ್ಟ್ರೆಚರ್ ಜಾರಿಸುವ ಎರಡು ಕಬ್ಬಿಣದ ಪಟ್ಟಿ. ಪಟ್ಟಿಗಳ ನಡುವೆ ತಗಡಿನ ಮೇಲೆ ಅವಳು ಅಂಗಾತ ಮಲಗಿದಳು. ಫಿನೈಲಿನ ವಾಸನೆ, ಬಾಡಿದ ಹೂವಿನ ವಾಸನೆ. ಬಾಗಿಲು ಮುಚ್ಚಿತು. ಕಿಟಕಿಯ ಮಸುಕು ಗಾಜಿನಾಚೆ ಮರದ ನೆರಳುಗಳು ಒಂದೊಂದಾಗಿ ಹಾದುಹೋದವು. ಮೂರು ವರ್ಷದ ಹಿಂದೆ ಇದೇ ಜಾಗದಲ್ಲಿ ಮಾವ ಹೀಗೇ ಚಾವಣಿ ನೋಡುತ್ತ ಹೋಗಿದ್ದರು. ಅವಳು ಎಡಗಡೆಯ ಬೆಂಚಿನಲ್ಲಿ ಕೂತಿದ್ದಳು.

ಸದ್ದು ಬಂತು. ಕಿವಿಗಲ್ಲ, ಬೆನ್ನುಹುರಿಗೆ. ಸೊಂಟದ ಕೆಳಗಿನಿಂದ ಎದ್ದು ಭುಜದವರೆಗೆ ಹತ್ತಿ, ಅಲ್ಲಿ ಒಂದು ಉಸಿರು ನಿಂತು, ಮತ್ತೆ ಇಳಿಯಿತು. ಅವಳಿಗೆ ಈ ದನಿ ಗೊತ್ತಿತ್ತು. ಆರು ತಿಂಗಳು ಪಕ್ಕದ ಕೋಣೆಯ ಗೋಡೆಯಾಚೆಯಿಂದ ಕೇಳಿದ್ದು ಇದೇ. ಇದೇ ಏರು, ಇದೇ ತಡೆ. ಬಾಯಿ ತಾನಾಗಿ ತೆರೆದು "ಮಾವ" ಅಂದಿತು. ಗಾಡಿ ನಿಧಾನವಾಯಿತು, ದನಿ ಸತ್ತಿತು.

ಚಾಲಕ ಬಾಗಿಲು ತೆಗೆದಾಗ ಅವಳು ಎದ್ದು ಕೂತಿದ್ದಳು. "ನಡುವಿನಿಂದ ಬರ್ತಿದೆ" ಅಂದಳು. "ಶಾಫ್ಟಿನ ನಡುವಿನಿಂದ."

ಒಂದು ಪರೀಕ್ಷೆ ಬಾಕಿ ಇತ್ತು. ಭಾರಕ್ಕೆ ಆರು ಜನ ಬೇಕು. ಗ್ಯಾರೇಜಿಗೆ ಮರಳಿ ಪಕ್ಕದ ಬಡಗಿಯನ್ನು ಕೇಳಿದರೆ, "ಸೊಸೆ, ಅದರಲ್ಲಿ ನಾನು ಒಂದೇ ಸಲ ಹತ್ತೋದು, ಅದೂ ನೀವೇ ಹತ್ತಿಸ್ಬೇಕು" ಎಂದು ಒಳಗೆ ಹೋಗಿಬಿಟ್ಟ. ಕೊನೆಗೆ ಗ್ಯಾರೇಜಿನ ಮೂಲೆಯಲ್ಲಿದ್ದ ಹಳೆಯ ಗೇರುಪೆಟ್ಟಿಗೆ, ಇಂಜಿನ್ ಹೆಡ್ಡು, ಸವೆದ ಡ್ರಮ್ಮುಗಳನ್ನು ಇಬ್ಬರೂ ಸೇರಿ ಹೇರಿದರು. ಗಾಡಿಯ ಹಿಂಭಾಗ ನಾಲ್ಕು ಬೆರಳು ಕುಸಿಯಿತು. ನೇರ ರಸ್ತೆಯಲ್ಲಿ ನಲವತ್ತೈದು, ಐವತ್ತು, ಐವತ್ತೈದು. ಒಂದು ಪಿಸುಮಾತೂ ಇಲ್ಲ.

"ಅದಕ್ಕೆ ಯಾರಾದ್ರೂ ಜೊತೇಲಿರ್ಬೇಕು" ಅಂದ ಚಾಲಕ ಮೆಲ್ಲಗೆ.

"ಅದಕ್ಕೆ ಭಾರ ಬೇಕು ಅಣ್ಣ. ಸ್ಪ್ರಿಂಗಿಗೆ ಒಂದು ಪಟ್ಟಿ ಜಾಸ್ತಿ ಹಾಕ್ಸಿದೀರಿ. ಖಾಲಿ ಇದ್ರೆ ಗಾಡಿ ಎತ್ತರಕ್ಕೆ ನಿಲ್ಲುತ್ತೆ, ಶಾಫ್ಟು ಓರೆಯಾಗುತ್ತೆ. ಓರೆಯಾದಾಗ ಮಾತ್ರ ಅದರ ತಪ್ಪು ಕೇಳಿಸುತ್ತೆ."

"ಏನು ತಪ್ಪು?"

"ಬಿಚ್ಚಿ ನೋಡ್ಬೇಕು."

ಹಿಂದಿನ ಶಾಫ್ಟನ್ನು ಕಳಚಿ ಬೆಂಚಿನ ಮೇಲಿಟ್ಟಳು. ಅದು ಎರಡು ತುಂಡು. ಒಂದರೊಳಗೊಂದು ಹಲ್ಲುಗಳ ಮೇಲೆ ಜಾರುತ್ತದೆ. ಎರಡು ತುದಿಯಲ್ಲಿ ಕ್ರಾಸು ಹಿಡಿಯುವ ಕವಲುಗಳು ಒಂದೇ ನೇರದಲ್ಲಿರಬೇಕು, ಇಲ್ಲದಿದ್ದರೆ ಓಡುವಾಗ ಶಾಫ್ಟು ನಡುಗುತ್ತದೆ. ಆ ಮೂರು ಗ್ಯಾರೇಜಿನವರು ತುದಿಯ ಕ್ರಾಸು ಬದಲಿಸಿದ್ದರು, ನಡುವಿನ ಜಾರುಕೀಲನ್ನು ಯಾರೂ ಬಿಡಿಸಿರಲಿಲ್ಲ. ಸೀಮೆಎಣ್ಣೆ ಹಾಕಿ ಬ್ರಶ್ಶಿನಿಂದ ಗಟ್ಟಿಯಾದ ಮಣ್ಣು ಉಜ್ಜಿದಳು. ಅಡಿಯಲ್ಲಿ ಒಂದು ಚುಕ್ಕಿ ಕಂಡಿತು. ಪಂಚ್ ಇಟ್ಟು ಸುತ್ತಿಗೆಯಿಂದ ಒಂದೇ ಏಟು ಹೊಡೆದ ಚುಕ್ಕಿ. ಬಿಚ್ಚುವ ಮುನ್ನ ಎರಡು ತುಂಡಿಗೂ ಎದುರುಬದುರಾಗಿ ಹೀಗೆ ಗುರುತು ಹಾಕುವ ಅಭ್ಯಾಸ ಆ ಊರಿನಲ್ಲಿ ಒಬ್ಬರಿಗೇ ಇದ್ದದ್ದು. ಅವಳು ಇನ್ನೊಂದು ಚುಕ್ಕಿ ಹುಡುಕಿದಳು. ಇತ್ತು. ಎದುರಿಗಲ್ಲ. ಒಂದು ಬೆರಳು ಪಕ್ಕಕ್ಕೆ.

ಒಂದು ಹಲ್ಲು ತಪ್ಪಿತ್ತು.

ಮಾವ ಹಾಸಿಗೆಯಲ್ಲಿದ್ದ ಕೊನೆಯ ತಿಂಗಳುಗಳಲ್ಲಿ ಹೇಳುತ್ತಿದ್ದದ್ದು ಒಂದೇ ಮಾತು. "ಒಂದು ಹಲ್ಲು ತಪ್ಪಿದೆ. ತೆಗೆದು ಹಾಕು." ಬೆಳಿಗ್ಗೆ ಅದೇ, ಸಂಜೆ ಅದೇ. ಪಾಪ, ಹಲ್ಲುನೋವು ಎಂದುಕೊಂಡು ಮನೆಗೇ ಹಲ್ಲಿನ ವೈದ್ಯರನ್ನು ಕರೆಸಿದ್ದರು. ವೈದ್ಯರು ಒಂದು ದವಡೆಹಲ್ಲು ಕಿತ್ತಿದ್ದರು. ಗಂಡ ತಲೆ ಹಿಡಿದಿದ್ದ, ಅವಳು ಕೈ ಹಿಡಿದಿದ್ದಳು. ಬಾಯಿ ತುಂಬ ಹತ್ತಿ ಇಟ್ಟುಕೊಂಡೇ ಮಾವ ಅವಳ ಮುಖ ನೋಡುತ್ತ ಮತ್ತೆ ಅದನ್ನೇ ಹೇಳಿದ್ದರು. ಅವಳು ರಕ್ತ ಒರೆಸಿ, "ತೆಗೆದಾಯ್ತು ಮಾವ, ಮಲಗಿ" ಅಂದಿದ್ದಳು.

"ಸಿಕ್ತಾ ಅಕ್ಕ?" ಚಾಲಕ ಬಾಗಿಲಿನಿಂದ ಕೇಳಿದ.

"ಸಿಕ್ತು. ನಮ್ಮ ಕೈಯಿಂದಲೇ ಆದದ್ದು. ಮಾವ ಕೊನೇ ಸಲ ಜೋಡಿಸುವಾಗ ಒಂದು ಹಲ್ಲು ತಪ್ಪಿಸಿದಾರೆ."

ಹೇಳದೆ ಬಿಡಬಹುದಿತ್ತು. ಅವನಿಗೆ ತಿಳಿಯುತ್ತಲೂ ಇರಲಿಲ್ಲ. ಅವಳು ಕೀಲನ್ನು ಎಳೆದು, ತೊಳೆದು, ಗ್ರೀಸು ತುಂಬಿ, ಚುಕ್ಕಿಗೆ ಚುಕ್ಕಿ ತಂದು ಒಳಗೆ ನೂಕಿದಳು. ಅದು ತಾನೇ ಜಾಗ ಹುಡುಕಿಕೊಂಡಂತೆ ಮೆತ್ತಗೆ ಜಾರಿತು. ಗಾಡಿಗೆ ಕಟ್ಟಿ, ಹೇರಿದ ಕಬ್ಬಿಣವನ್ನೆಲ್ಲ ಇಳಿಸಿ, ಖಾಲಿ ಗಾಡಿಯನ್ನು ಅದೇ ರಸ್ತೆಗೆ ಒಯ್ದರು. ಅರವತ್ತರವರೆಗೂ ಟೈರಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಚಾಲಕ ರಸ್ತೆಬದಿಗೆ ನಿಲ್ಲಿಸಿ, ಎರಡೂ ಕೈ ಸ್ಟಿಯರಿಂಗಿನ ಮೇಲಿಟ್ಟು ಕೂತ.

"ಮೂರು ವರ್ಷ ನಾನು ಅದಕ್ಕೆ ಸಮಾಧಾನ ಹೇಳ್ತಿದ್ದೆ ಅಕ್ಕ. ಆಯ್ತು, ಆಯ್ತು, ಎಲ್ಲಾ ಮುಗೀತು ಅಂತ."

ಸಂಜೆ ಕೈಕಾಲು ತೊಳೆದು, ಅತ್ತೆಯ ಮುಂದೆ ನೆಲದ ಮೇಲೆ ಕೂತು ಎಲ್ಲ ಹೇಳಿದಳು. ಗಂಡ ಬಾಗಿಲಿಗೆ ಒರಗಿ ಕೇಳಿಸಿಕೊಂಡ. ನಡುವೆಯೇ ಮುಖ ತಿರುಗಿಸಿಕೊಂಡು ಹಿತ್ತಲಿಗೆ ಹೋದ. ಅತ್ತೆ ಅಳಲಿಲ್ಲ. ಮಡಚುತ್ತಿದ್ದ ಬಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು.

"ಅಷ್ಟು ದಿನ ಹಾಗೇ ಓಡ್ತಲ್ಲ, ಯಾರಿಗೂ ಏನೂ ಆಗ್ಲಿಲ್ವಾ?"

"ಇಲ್ಲ ಅತ್ತೆ."

"ಸದ್ಯ." ಅತ್ತೆ ದನಿ ತಗ್ಗಿಸಿದರು. "ಅವತ್ತು ಡಾಕ್ಟರು ಕಿತ್ತು ತಟ್ಟೇಲಿ ಇಟ್ರಲ್ಲ, ತೊಳೆದು ಬಿಸಾಡಿದ್ದು ನಾನೇ. ಹುಳುಕಿರ್ಲಿಲ್ಲ ಕಣೇ. ಬೇರು ಸಮೇತ ಬೆಳ್ಳಗಿತ್ತು, ಗಟ್ಟಿ ಹಲ್ಲು. ಯಾಕೋ ಎದೆ ಧಸಕ್ ಅಂತು. ಯಾರಿಗೂ ಹೇಳ್ಲಿಲ್ಲ."

ಅವಳು ಅತ್ತೆಯ ಮಡಿಲಿನಿಂದ ಬಟ್ಟೆಯನ್ನು ತೆಗೆದುಕೊಂಡಳು. ಇಬ್ಬರೂ ಎರಡು ತುದಿ ಹಿಡಿದು ಉಳಿದದ್ದನ್ನು ಮಡಚಿದರು.