ದೇವೀರಮ್ಮ ಎಲ್ಲರಿಗೂ ರೆಕ್ಕೆ ಬಡಿಸಿದ ದಿನ

ದೇವೀರಮ್ಮನ ಹೆಸರೆತ್ತಿದರೆ ಕೊಳ್ಳೇಗಾಲದ ನಮ್ಮ ನೇಕಾರರ ಕೇರಿಯಲ್ಲಿ ಇವತ್ತಿಗೂ ಕೆಲವರ ಮೂತಿ ಓರೆಯಾಗುತ್ತದೆ. ಕೋಳಿ ತೊಡೆಯ ಆಸೆಗೆ ಸಂಸಾರ ಒಡೆದವಳು ಎನ್ನುತ್ತಾರೆ. ಹಾಗೆ ಅನ್ನುವವರಲ್ಲಿ ಅರ್ಧ ಜನ ಅವತ್ತಿಗೆ ಹುಟ್ಟೇ ಇರಲಿಲ್ಲ. ಇನ್ನರ್ಧ ಜನ ಹುಟ್ಟಿದ್ದರೂ ಆ ಮನೆಯೊಳಗೆ ಇರಲಿಲ್ಲ. ನಾನಿದ್ದೆ. ಅವರ ಮಗ್ಗಕ್ಕೂ ನನ್ನ ಮಗ್ಗಕ್ಕೂ ನಡುವೆ ಇದ್ದದ್ದು ಒಂದೇ ಮಣ್ಣಿನ ಗೋಡೆ. ಅವತ್ತು ಅವಳು ಬಡಿಸಿದ ಎಲೆಯ ಮುಂದೆ ಕೂತು ಉಂಡವನು ನಾನು. ಬಾಯಿಗೆ ಬಂದದ್ದು ಆಡುವವರು ಇದನ್ನು ಓದಿ ಬಾಯಿ ಮುಚ್ಚಲಿ.

ಅವಳು ಯಳಂದೂರಿನ ಹುಡುಗಿ. ಅಪ್ಪ ನೂಲಿನ ಸೀರೆ ನೇಯುತ್ತಿದ್ದ ಬಡವ, ಗಂಡುಮಕ್ಕಳಿಲ್ಲದವನು. ಮಗಳನ್ನೇ ಹತ್ತನೇ ವರ್ಷಕ್ಕೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗದ ಗುಂಡಿಗೆ ಇಳಿಸಿದ. ಐವತ್ತಾರನೇ ಇಸವಿಯಲ್ಲಿ ಚೌಡಯ್ಯನನ್ನು ಕಟ್ಟಿಕೊಂಡು ನಮ್ಮ ಕೇರಿಗೆ ಬಂದಳು. ಬಂದ ಮನೆ ರೇಷ್ಮೆಯದು, ಹೆಸರು ದೊಡ್ಡದು. ಅಲ್ಲಿ ಹೆಂಗಸಾದವಳು ರಾಟೆಯ ಮುಂದೆ ಕೂತು ಲಾಳಿಗೆ ಹಾಕುವ ಕಂಡಿಕೆ ಸುತ್ತಬೇಕು, ಅಷ್ಟೇ. ಗುಂಡಿಗೆ ಕಾಲಿಟ್ಟರೆ ಮಗ್ಗಕ್ಕೆ ಮೈಲಿಗೆ ಎಂದು ಅತ್ತೆ ಮಹಾಲಕ್ಷ್ಮಮ್ಮನ ಕಟ್ಟಪ್ಪಣೆ.

ಆ ಮನೆಯಲ್ಲಿ ಇನ್ನೊಂದು ಕಟ್ಟಳೆಯಿತ್ತು. ಮಗ್ಗಕ್ಕೆ ಹೊಸ ಹಾಸು, ಅಂದರೆ ಉದ್ದೆಳೆ, ಏರಿಸಿ ಮೊದಲ ಸೀರೆ ಕೊಯ್ದಿಳಿಸಿದ ದಿನ ಒಂದು ಹುಂಜ ಕೊಯ್ಯಬೇಕು. ಎರಡು ತೊಡೆಯೂ ಗುಂಡಿಯಲ್ಲಿ ಕೂತು ನೇಯ್ದವನಿಗೆ. ಎದೆ, ಈಲಿ ಉಳಿದ ಗಂಡಸರಿಗೆ. ಕಂಡಿಕೆ ಸುತ್ತಿದವಳಿಗೆ ರೆಕ್ಕೆ. ನೆಂಟರು ಬರಲಿ, ಸಾಹುಕಾರ ಬರಲಿ, ತೊಡೆ ಯಾರ ಎಲೆಗೆ ಬಿತ್ತು ಎಂದು ನೋಡಿದರೆ ಸಾಕು, ಸೀರೆ ಯಾರ ಕೈಯದು ಎಂದು ಗೊತ್ತಾಗುತ್ತಿತ್ತು. ಮಹಾಲಕ್ಷ್ಮಮ್ಮ ತಾನೇ ಸೌಟು ಹಿಡಿದು ಬಡಿಸುತ್ತಿದ್ದಳು.

ಆರು ವರ್ಷ ದೇವೀರಮ್ಮ ರೆಕ್ಕೆ ತಿಂದಳು. ದೂರಲಿಲ್ಲ. ರೆಕ್ಕೆಯಲ್ಲಿ ಏನಿದೆ? ಚರ್ಮ, ಮೂಳೆ, ಸಂದಿಯಲ್ಲೊಂದು ಚೂರು ಬಾಡು. ಅದನ್ನೇ ಅವಳು ಬೆಂಕಿಯ ಮೇಲೆ ಹಿಡಿದು, ಉಳಿದ ಮುಳ್ಳುಗರಿಯನ್ನು ಉಗುರಲ್ಲಿ ಒಂದೊಂದಾಗಿ ಕಿತ್ತು, ಅರಿಶಿನ ತಿಕ್ಕಿ ತೊಳೆದು, ಬೆಳ್ಳುಳ್ಳಿ ಮೆಣಸು ಅರೆದು ಸವರಿ, ಮಡಕೆಯ ತಳದಲ್ಲಿ ಅದರ ಕೊಬ್ಬಿನಲ್ಲೇ ಹುರಿಯುತ್ತಿದ್ದಳು. ವಾಸನೆ ಗೋಡೆ ದಾಟಿ ನನ್ನ ಮೂಗಿಗೆ ಬಡಿದಾಗ ಲಾಳಿ ತಾನಾಗಿ ನಿಲ್ಲುತ್ತಿತ್ತು.

ಅರವತ್ತೆರಡರಲ್ಲಿ ಚೌಡಯ್ಯನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸತ್ತವು. ಮೂರು ಲಾಳಿ ಸೀರೆ ನೇಯುವುದರಲ್ಲಿ ನಮ್ಮ ಕೇರಿಗೇ ಹೆಸರಾಗಿದ್ದ ಆಳು. ಒಡಲಿಗೆ ಒಂದು ಲಾಳಿ, ಎರಡು ಅಂಚಿಗೆ ಎರಡು ಲಾಳಿ. ಬಣ್ಣ ಕೂಡುವ ಕಡೆ ಎಳೆಗೆ ಎಳೆ ಸಿಕ್ಕಿಸಿಕೊಂಡು ಹೋಗಬೇಕು. ಅವನ ತಮ್ಮ ದೇವಣ್ಣನಿಗೆ ಒಂಟಿ ಲಾಳಿಯೇ ಭಾರ. ಟೆಂಟಿನಲ್ಲಿ ಸಿನಿಮಾ ಬದಲಾದ ದಿನ ಅದೂ ಇಲ್ಲ.

ಮನೆಯಲ್ಲಿ ಒಲೆ ಉರಿಯಬೇಕಲ್ಲ. ಒಂದು ಬೆಳಗ್ಗೆ ಚೌಡಯ್ಯನೇ ಹೆಂಡತಿಗೆ ಗುಂಡಿ ತೋರಿಸಿದ. ಇಪ್ಪತ್ತು ದಿನದಲ್ಲಿ ಅವಳಿಗೆ ಮೂರು ಲಾಳಿ ಕೈಗೆ ಹತ್ತಿತು. ಅವನು ಗುಂಡಿಯ ಅಂಚಿನಲ್ಲಿ ಕೂತು ಎಡಗೈಯಿಂದ ಪಕ್ಕದ ಲಾಳಿ ಕೊಡುತ್ತಿದ್ದ, ಅವಳು ತುಳಿದು ನೇಯುತ್ತಿದ್ದಳು. ಮಹಾಲಕ್ಷ್ಮಮ್ಮ ಒಪ್ಪಿದಳು. ಒಪ್ಪಿ, ಬೀದಿ ಬಾಗಿಲಿಗೆ ಅಗುಳಿ ಹಾಕಿಸಿದಳು.

ಯಾರಾದರೂ ಬಾಗಿಲು ತಟ್ಟಿದರೆ ಒಳಗೆ ನಾಟಕ ನಡೆಯುತ್ತಿತ್ತು. ಗೋಡೆಯಾಚೆ ಎಲ್ಲ ಕೇಳುತ್ತಿತ್ತು.

"ಎದ್ದೇಳಮ್ಮಿ, ಯಾರೋ ಬಂದ್ರು! ರಾಟೆ ತಾವ ಕೂತ್ಕೊ! ಲೇ ದೇವಣ್ಣ, ಇಳಿಯೋ ಗುಂಡಿಗೆ! ಮಲಗವ್ನೆ ನೋಡು ಕೋಣ ಮಲಗ್ದಂಗೆ!"

ಅವಳು ಏಳುತ್ತಿದ್ದಳು, ಅವನು ಇಳಿಯುತ್ತಿದ್ದ. ಬಂದವರು ಸೀರೆ ನೋಡಿ "ಭಲೇ ದೇವಣ್ಣ" ಎಂದು ಬೆನ್ನು ತಟ್ಟುತ್ತಿದ್ದರು. ಸೀರೆ ಕೊಯ್ದ ದಿನ ತೊಡೆ ಎರಡೂ ದೇವಣ್ಣನ ಎಲೆಗೆ. ನೇಯ್ದವಳಿಗೆ ರೆಕ್ಕೆ. ಒಂದು ಸಲವಲ್ಲ, ಎರಡು ಸಲವಲ್ಲ, ಎರಡು ವರ್ಷ. ನನಗೆ ಎಲ್ಲ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ, ಆ ತಪ್ಪು ನನ್ನದೂ ಹೌದು.

ಅರವತ್ತನಾಲ್ಕರಲ್ಲಿ ನೇಕಾರರ ಸಂಘಕ್ಕೆ ಹೊಸ ಮಗ್ಗಗಳು ಬರುತ್ತವೆ ಎಂದು ಸುದ್ದಿಯಾಯಿತು. ಮೂರು ಲಾಳಿ ಬಲ್ಲವರಿಗೆ, ಅವರವರ ಹೆಸರಿಗೆ. ಸಂಘದ ಗುಮಾಸ್ತ ನಂಜಯ್ಯ, ಅವರೂ ನೇಕಾರರ ಮನೆಯವರೇ, ಮುಂದಿನ ಸೀರೆ ಕೊಯ್ಯುವ ದಿನ ಊಟಕ್ಕೇ ಬಂದು ಹೆಸರು ಬರೆದುಕೊಳ್ಳುತ್ತೇನೆ ಎಂದರು. ದೇವಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಗ್ಗ ಬಂದ ತಕ್ಷಣ ಹನೂರಿಗೆ, ಮಾವನ ಮನೆಗೆ ಸಾಗಿಸುತ್ತೇನೆ, ಆಳಿಟ್ಟು ನೇಯಿಸುತ್ತೇನೆ ಎಂದು ಕೇರಿಯೆಲ್ಲ ಸಾರಿದ. ಮನೆಯ ಹಳೆಯ ಮಗ್ಗಕ್ಕೋ ಗೆದ್ದಲು ಹಿಡಿದು ಇನ್ನೊಂದು ಹಾಸು ತಾಳುವ ಹಾಗಿರಲಿಲ್ಲ. ಹೊಸದು ಹನೂರಿಗೆ ಹೋದರೆ ದೇವೀರಮ್ಮನ ಕೈಗೆ ಮತ್ತೆ ರಾಟೆಯೇ ಗತಿ, ಗಂಡನಿಗೆ ಜಗುಲಿಯೇ ಗತಿ.

ಅವತ್ತು ಅವಳು ಗಂಡನನ್ನು ಕೇಳಿದ್ದು ಗೋಡೆಯಾಚೆ ನನಗೂ ಕೇಳಿಸಿತು.

"ನಂಜಯ್ಯನೋರ ಮುಂದೆ ನೀವು ಒಂದ್ ಮಾತು ಏಳಿ. ನೇಯ್ದೋಳು ಇವಳು ಅಂತ ಏಳಿ ಸಾಕು."

"ಅವ್ವ ಇರೋಗಂಟ ನಾ ಏನ್ ಏಳನೆ? ಎಂಡ್ತಿ ದುಡಿದು ಆಕ್ತಾವ್ಳೆ ಅಂತ ಊರೋರು ಉಗಿಯಕಿಲ್ವಾ?"

"ಈಗ ತಿನ್ತಾ ಇರೋದು ಯಾರ್ದು? ಉಗಿಯೋರು ತಂದು ಆಕ್ತಾವ್ರಾ?"

ಅವಳು ಪಾತ್ರೆ ಎತ್ತಿ ಕುಕ್ಕಿದ ಸದ್ದಿಗೆ ನನ್ನ ಗೋಡೆಯ ಮಣ್ಣು ಉದುರಿತು.

ಸೀರೆ ಕೊಯ್ಯುವ ದಿನ ಬೆಳಗ್ಗೆ ನನ್ನ ಬಾಗಿಲಿಗೆ ಬಂದಳು. ಮುಖ ಕೆಂಡವಾಗಿತ್ತು.

"ಅಣ್ಣೋ, ಬಸ್ ಸ್ಟ್ಯಾಂಡಿನ ಮಾದಣ್ಣನ ಮಿಲ್ಟ್ರಿ ಓಟ್ಲಲ್ಲಿ ಕೋಳಿ ರೆಕ್ಕೆ ಸಿಕ್ತದಾ?"

"ಅಲ್ಲಿಗೆ ಬರೋರು ತೊಡೆ ಕೇಳ್ತಾರೆ, ಎದೆ ಕೇಳ್ತಾರೆ. ರೆಕ್ಕೆ ಯಾರೂ ಕೇಳಕಿಲ್ಲ. ರಾಶಿ ಬಿದ್ದಿರ್ತದೆ. ಯಾಕವ್ವ?"

"ಒಂದ್ ಪುಟ್ಟಿ ತಂದ್ಕೊಡು. ಊಟಕ್ಕೆ ನೀನೂ ಬಾ. ಬಾಯ್ ಮುಚ್ಕಂಡು ಉಣ್ಣು."

ತಂದುಕೊಟ್ಟೆ. ಮೂವತ್ತಕ್ಕೆ ಕಮ್ಮಿಯಿರಲಿಲ್ಲ. ಹಿತ್ತಲಲ್ಲಿ ಕೂತು ಅಷ್ಟನ್ನೂ ತಾನೊಬ್ಬಳೇ ಸುಟ್ಟಳು, ಗರಿ ಕಿತ್ತಳು, ಅರಿಶಿನ ತಿಕ್ಕಿ ತೊಳೆದಳು. ಸಂದಿಗೆ ಕತ್ತಿ ತಾಗಿಸದೆ ಇಡಿಯಾಗಿಯೇ ಬಿಟ್ಟಳು. ಒಣಮೆಣಸಿನಕಾಯಿ, ಧನಿಯ, ಗಸಗಸೆ, ಚಕ್ಕೆ ಲವಂಗ ಹುರಿದು ಕಲ್ಲಿನ ಮೇಲೆ ಅರೆದಳು. ಅರೆಯುವ ರಭಸ ನೋಡಿದರೆ ಕಲ್ಲೇ ನುಣ್ಣಗಾಗಬೇಕಿತ್ತು. ಸಣ್ಣ ಈರುಳ್ಳಿ ಬಾಡಿಸಿ ರೆಕ್ಕೆ ಸುರಿದು, ನೀರು ತೋರಿಸದೆ ಹುರಿದಳು. ಕೊಬ್ಬು ಬಿಟ್ಟು ಎಣ್ಣೆ ತೇಲಿ ಮಸಾಲೆ ಮೈಗೆ ಅಂಟಿತು. ಮನೆಯ ಹುಂಜವನ್ನೂ ಕಟ್ಟಳೆಯಂತೆ ಕೊಯ್ಯಿಸಿ ಬೇರೆ ಮಡಕೆಯಲ್ಲಿ ಬೇಯಿಸಿದಳು. ಅತ್ತೆ ಹೊಸ ಸೀರೆಯನ್ನು ಚೌಡೇಶ್ವರಿ ಗುಡಿಗೆ ಮುಟ್ಟಿಸಲು ಹೋಗಿದ್ದಳು. ಬರುವಷ್ಟರಲ್ಲಿ ನಂಜಯ್ಯನವರು ಬಂದು ಕೂತಿದ್ದರು, ಎಲೆ ಹಾಸಿಯಾಗಿತ್ತು, ಸೌಟು ಸೊಸೆಯ ಕೈಯಲ್ಲಿತ್ತು.

"ಇತ್ತ ತಾ ಸೌಟ" ಎಂದಳು ಮಹಾಲಕ್ಷ್ಮಮ್ಮ.

"ನೀವು ಬಿಸಿಲಲ್ಲಿ ಬಂದಿದ್ದೀರಿ ಅತ್ತೆ, ಕೂತ್ಕೊಳಿ. ಇವತ್ತು ನಾ ಬಡಿಸ್ತೀನಿ."

ಬಂದವರ ಮುಂದೆ ಕಿತ್ತುಕೊಳ್ಳುವ ಹಾಗಿರಲಿಲ್ಲ. ಕೂತಳು.

ಮುದ್ದೆ ಬಂತು. ನಂಜಯ್ಯನವರ ಎಲೆಗೆ ಐದು ರೆಕ್ಕೆ ಬಿತ್ತು. ನನ್ನ ಎಲೆಗೆ ಐದು. ಚೌಡಯ್ಯನಿಗೆ ಐದು. ದೇವಣ್ಣನಿಗೆ ಐದು. ದೇವಣ್ಣ ಎಲೆಯನ್ನೊಮ್ಮೆ, ಅತ್ತಿಗೆಯನ್ನೊಮ್ಮೆ ನೋಡಿದ. ನಂಜಯ್ಯನವರು ಒಂದು ಮುರಿದು ಬಾಯಿಗಿಟ್ಟರು.

"ಅಬ್ಬಬ್ಬ! ರೆಕ್ಕೆಯಲ್ಲಿ ಇಷ್ಟು ರುಚಿ ಅದೆ ಅಂತ ಗೊತ್ತೇ ಇರ್ಲಿಲ್ಲ ಕಣಮ್ಮ."

"ನಂಗೆ ಗೊತ್ತಿತ್ತು ಸಾ. ಎಂಟು ವರ್ಷದಿಂದ ಅದೇ ತಿಂತಾ ಇವ್ನಿ."

ರೆಕ್ಕೆಯನ್ನು ಒಂದು ಕೈಯಲ್ಲಿ ತಿನ್ನಲಾಗುವುದಿಲ್ಲ. ಎರಡು ಕೈಯಲ್ಲಿ ಹಿಡಿದು ಸಂದಿ ಮುರಿದು ಚೀಪಬೇಕು. ದೇವಣ್ಣ ಸಿಟ್ಟಿನಲ್ಲೇ ನಾಲ್ಕು ಖಾಲಿ ಮಾಡಿದ. ಎರಡು ಅಂಗೈಯೂ ಎಣ್ಣೆ, ಅರಿಶಿನ.

"ತೊಡೆ ಎಲ್ಲಿ ಅತ್ತಿಗೆ?" ಎಂದ ಕೊನೆಗೆ.

"ಮಗ್ಗದ ತಾವ ಮಡಗಿವ್ನಿ. ನೇಯ್ದೋರಿಗೆ ತೊಡೆ ಅಲ್ವಾ ಕಟ್ಟಳೆ? ಹಾಸು ಇನ್ನೂ ಮಗ್ಗದ ಮ್ಯಾಲೇ ಅದೆ. ನಂಜಯ್ಯನೋರೂ ಅವ್ರೆ. ಇಳಿದು ಅಂಚು ಕೂಡ್ಸಿ ನಾಲ್ಕು ಬೆರಳು ನೇಯಿ. ತೊಡೆ ನಿಂದು, ಮಗ್ಗವೂ ನಿಂದು."

ಮಹಾಲಕ್ಷ್ಮಮ್ಮ ಚಂಗನೆ ಎದ್ದಳು. "ಏನಮ್ಮಿ ನಿನ್ ಕೊಬ್ಬು! ಮನೆ ಮಾನ ಬೀದಿಗೆ ಎಳೀತೀಯಾ?"

"ಎರಡು ವರ್ಷ ಮನೆ ಮಾನ ತುಳ್ದು ತುಳ್ದು ನನ್ ಕಾಲು ಬಿದ್ದೋಗವೆ ಅತ್ತೆ. ಇವತ್ತು ನಿಮ್ ಮಗ ತುಳೀಲಿ."

ನಂಜಯ್ಯ ಬಾಯಲ್ಲಿದ್ದದ್ದು ನುಂಗದೆ ಕೂತರು. ದೇವಣ್ಣನಿಗೆ ರೋಷ ನೆತ್ತಿಗೇರಿತು. "ನಂಗೆ ಬರಕಿಲ್ಲ ಅಂದ್ಕಂಡಾ? ನೋಡೇಬುಡು!" ಎಂದು ಎಲೆ ಬಿಟ್ಟು ಎದ್ದವನು ನೆಟ್ಟಗೆ ಗುಂಡಿಗೆ ಇಳಿದ. ಒಂದು ಕೈಯಲ್ಲಿ ಲಾಳಿ ಹಿಡಿದ. ಇನ್ನೊಂದು ಕೈಯನ್ನು ಬಿಗಿದು ನಿಂತ ಹಾಸಿನ ಮೇಲೆ ಊರಿದ.

ಎಂಜಲು ಕೈ. ಎಣ್ಣೆ ಕೈ. ಹಾಲಿನ ಕೆನೆಯ ಬಣ್ಣದ ರೇಷ್ಮೆಯ ಮೇಲೆ ಐದು ಬೆರಳೂ ಅರಿಶಿನದಲ್ಲಿ ಮೂಡಿದವು.

ನಮ್ಮವರಲ್ಲಿ ತೊಟ್ಟಿಲ ಕೂಸೂ ಉಂಡ ಕೈಯಲ್ಲಿ ಹಾಸು ಮುಟ್ಟುವುದಿಲ್ಲ. ದಿನಾ ಮಗ್ಗದಲ್ಲಿ ಕೂರುವವನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಎಷ್ಟೇ ಸಿಟ್ಟಿದ್ದರೂ ಅವನ ಕಾಲು ಮೊದಲು ಕೈ ತೊಳೆಯಲು ನೀರಿನ ಹಂಡೆಯ ಕಡೆಗೆ ಹೋಗುತ್ತದೆ. ನಂಜಯ್ಯನವರು ಎದ್ದು ನಿಂತುಬಿಟ್ಟರು.

ದೇವೀರಮ್ಮ ಕೂಗಲಿಲ್ಲ. ಹೋಗಿ ದೇವಣ್ಣನ ರಟ್ಟೆ ಹಿಡಿದು, ಕಳೆ ಕಿತ್ತ ಹಾಗೆ ಗುಂಡಿಯಿಂದ ಎಳೆದು ಹಾಕಿದಳು. ಆಮೇಲೆ ಗಂಡನ ಕಡೆ ತಿರುಗಿದಳು.

"ನೋಡ್ಕಂಡ್ರಾ? ನಿಮ್ ಕಣ್ ಮುಂದೆ ನೋಡ್ಕಂಡ್ರಾ? ಈಗ್ಲೂ ಮಾತಾಡಕಿಲ್ವಾ ನೀವು?"

ಚೌಡಯ್ಯನ ಕಣ್ಣು ಆ ಐದು ಬೆರಳಿನ ಗುರುತಿನ ಮೇಲಿತ್ತು. ಲಕ್ವ ಹೊಡೆದಾಗ ಅಳದವನು ಅವತ್ತು ಅತ್ತ. ಎಡಗೈಯನ್ನು ನೆಲಕ್ಕೆ ಬಡಿದ.

"ನೇಯ್ದೋಳು ಅವ್ಳೇ ಸಾ. ಎರಡು ವರ್ಷದಿಂದ ಅವ್ಳೇ. ನಾನು ಗಂಡ್ಸಲ್ಲ, ಏಳ್ದೆ ಕೂತಿದ್ದೆ. ಅವ್ಳ ಎಸ್ರೇ ಬರ್ಕೊಳಿ."

"ಲೋ, ನಿಂಗೆ ಬುದ್ಧಿ ಕೆಟ್ಟದಾ?" ಎಂದಳು ತಾಯಿ.

"ಸುಮ್ಕಿರವ್ವ! ನಿನ್ನ ಕಿರೀ ಮಗ ನೋಡು, ರೇಷ್ಮೇಲಿ ಕೈ ಒರಸ್ಕಂಡವ್ನೆ!"

ನಂಜಯ್ಯ ಕೈ ತೊಳೆದು ಬಂದು, ಚೀಲದಿಂದ ಹಾಳೆ ತೆಗೆದು ಬರೆದರು. ದೇವೀರಮ್ಮನಿಗೆ ಅಕ್ಷರ ಬಾರದು. ಹಾಳೆಯನ್ನು ಅವರ ಕೈಯಿಂದಲೇ ಎಳೆದು ನನ್ನ ಮುಂದೆ ಹಿಡಿದಳು.

"ಓದಣ್ಣ. ಒಂದಕ್ಷರ ಬಿಡ್ಬ್ಯಾಡ."

ಓದಿದೆ. ನೇಯುವವರ ಹೆಸರು ಎನ್ನುವ ಕಡೆ 'ಚೌಡಯ್ಯ' ಎಂದಿತ್ತು.

"ನಂದೆಲ್ಲಿ?"

"ಅದು ಹಂಗಲ್ಲಮ್ಮ, ಮನೆ ಯಜಮಾನನ ಹೆಸರು ಹಾಕೋದು ವಾಡಿಕೆ. ಎಂಗಸರ ಹೆಸರಿಗೆ ಸಂಘದಲ್ಲಿ ಇಲ್ಲೀಗಂಟ ಯಾರೂ..."

"ರೆಕ್ಕೆ ನಾ ತಿನ್ನಬೇಕು, ಮಗ್ಗ ನಾ ತುಳೀಬೇಕು, ಎಸ್ರು ಮಾತ್ರ ನಂದಲ್ಲ. ಯಜಮಾನ್ರೇ ನಿಮ್ ಎದುರಿಗೆ ಏಳವ್ರಲ್ಲ, ಇನ್ಯಾರು ಏಳ್ಬೇಕು? ಗೀಟು ಒಡೀರಿ ಅದಕ್ಕೆ!"

ನಂಜಯ್ಯನವರು ಬೆವರು ಒರಸಿಕೊಂಡರು. ಗೀಟು ಹೊಡೆದರು. ಮೇಲೆ ಬರೆದರು: ದೇವೀರಮ್ಮ ಕೋಂ ಚೌಡಯ್ಯ. ಎರಡು ಸಲ ಓದಿಸಿ ಕೇಳಿದ ಮೇಲೆ ಹೆಬ್ಬೆಟ್ಟು ಒತ್ತಿದಳು. ಒತ್ತಿದ ರಭಸಕ್ಕೆ ಮಸಿ ಹೆಸರಿನವರೆಗೂ ಹರಡಿತು.

ಮಗ್ಗ ಮೂರು ತಿಂಗಳಿಗೆ ಬಂತು. ದೇವಣ್ಣ ಅದಕ್ಕೂ ಮೊದಲೇ ಹೆಂಡತಿಯನ್ನು ಕರೆದುಕೊಂಡು ಹನೂರಿಗೆ ಹೋದ, ಸಂಸಾರ ಒಡೆಯಿತು ಎಂದು ಕೇರಿ ಆಡಿಕೊಂಡಿತು. ಒಡೆದದ್ದು ಯಾರು ಎಂದು ಮಾತ್ರ ಯಾರೂ ಕೇಳಲಿಲ್ಲ. ದೇವೀರಮ್ಮ ಆ ಮಗ್ಗದಲ್ಲಿ ಹದಿಮೂರು ವರ್ಷ ನೇಯ್ದಳು. ಅತ್ತೆ ಸಾಯುವವರೆಗೂ ಸೊಸೆಯೊಂದಿಗೆ ನೆಟ್ಟಗೆ ಮಾತಾಡಲಿಲ್ಲ; ಸೊಸೆ ದುಡಿದ ಮುದ್ದೆಯನ್ನು ಒಂದು ಹೊತ್ತೂ ಬಿಡಲಿಲ್ಲ.

ಆದರೆ ಅವತ್ತು, ಹೆಬ್ಬೆಟ್ಟು ಒತ್ತಿದ ಮೇಲೆ, ನಂಜಯ್ಯನವರಿಗೆ ಏನೋ ಒಳ್ಳೆಯ ಮಾತಾಡಬೇಕು ಎನ್ನಿಸಿರಬೇಕು. "ಇನ್ನಾದ್ರೂ ಕೂತು ಉಣ್ಣಮ್ಮ" ಎಂದರು.

"ನೀವು ಓಗಿ ಸಾ. ನಂಗೆ ಕೆಲಸ ಅದೆ."

ಒಲೆಯ ಬೂದಿ ತೆಗೆದು ಬೆರಳಿನ ಮಸಿ ಉಜ್ಜಿದಳು. ಸೀಗೆಪುಡಿ ಹಾಕಿ ಮೊಣಕೈವರೆಗೆ ಎರಡು ಸಲ ತೊಳೆದಳು, ಮೂಸಿ ನೋಡಿ ಮೂರನೇ ಸಲವೂ ತೊಳೆದಳು. ಸೆರಗಿಗೆ ಒರಸದೆ ಗಾಳಿಗೆ ಹಿಡಿದು ಒಣಗಿಸಿಕೊಂಡು ಗುಂಡಿಗೆ ಇಳಿದಳು. ಬೀದಿ ಬಾಗಿಲು ಹಾರುಹೊಡೆದಿತ್ತು, ಹೊಸ್ತಿಲಲ್ಲಿ ಆಗಲೇ ಜನ ಸೇರಿದ್ದರು. ಅವಳು ತಲೆ ಎತ್ತಲಿಲ್ಲ, ಮಗ್ಗದ ಪಕ್ಕದಲ್ಲಿ ಮುಚ್ಚಿಟ್ಟಿದ್ದ ತೊಡೆಯನ್ನೂ ಮುಟ್ಟಲಿಲ್ಲ. ಕಲೆಯಾದ ಎಳೆಗಳನ್ನು ಒಂದೊಂದಾಗಿ ಕತ್ತರಿಸಿ, ಹೊಸ ಎಳೆಯನ್ನು ತುದಿಗೆ ತುದಿ ಹೊಸೆದು ಕೆಚ್ಚತೊಡಗಿದಳು. ಹಲ್ಲು ಕಚ್ಚಿಕೊಂಡೇ ಇದ್ದಳು.