ಬಸ್ಸಿನ ಆಯಾ ಪಂಚಾಯತಿಗೆ ನಿಂತದ್ದು

ದುಬೈಯ ಅಲ್ ಕುಸೈಸಿನ ಒಂದು ಶಾಲೆಯ ಹದಿನಾಲ್ಕನೇ ನಂಬರಿನ ಬಸ್ಸಿನಲ್ಲಿ ಮೈಮೂನಕ್ಕ ಹದಿನೇಳು ವರ್ಷ ಆಯಾ ಆಗಿದ್ದಳು. ಓದಿದ್ದು ನಾಲ್ಕನೇ ಕ್ಲಾಸು. ಆದರೆ ನಲವತ್ತೊಂದು ಮಕ್ಕಳ ಹೆಸರು, ಅವರವರ ಬಿಲ್ಡಿಂಗು, ಯಾರಿಗೆ ಕಿಟಕಿಯೇ ಬೇಕು, ಯಾರಿಗೆ ತಿರುವಿನಲ್ಲಿ ವಾಂತಿ ಬರುತ್ತದೆ, ಎಲ್ಲ ಬಾಯಿಪಾಠ. ಮಕ್ಕಳೆಲ್ಲ ಇಳಿದ ಮೇಲೆ ಕೊನೆಯ ಸೀಟಿನವರೆಗೆ ನಡೆದು, ಅಡಿಗೆ ಬಗ್ಗಿ ನೋಡಿ, ನೋಡಿದ್ದಕ್ಕೆ ಗುರುತಾಗಿ ಅಲ್ಲಿರುವ ಗುಂಡಿ ಒತ್ತಬೇಕು. ಆಗಲೇ ಅವಳ ಕೆಲಸ ಮುಗಿದ ಹಾಗೆ.

ಒಮ್ಮೆ ಮೇ ತಿಂಗಳ ಉರಿಬಿಸಿಲು. ಡ್ರೈವರ್ ಫೆಲಿಕ್ಸನಿಗೆ ಮನೆಗೆ ಹೋಗುವ ಅವಸರ. "ಬಸ್ಸು ಖಾಲಿ ಅಕ್ಕ, ನಾನು ಕನ್ನಡಿಯಲ್ಲಿ ನೋಡಿದ್ದೇನೆ. ಯಲ್ಲಾ, ಬೇಗ ಇಳೀರಿ" ಅಂದ. ಅವಳು ಕೇಳಲಿಲ್ಲ, ಹಿಂದಕ್ಕೆ ನಡೆದಳು. ಕೆಜಿಯ ಮಿನ್ಹಾ ಕೊನೆಯ ಸೀಟಿನ ಅಡಿಯಲ್ಲಿ ಬ್ಯಾಗು ತಬ್ಬಿಕೊಂಡು ನಿದ್ದೆ ಹೋಗಿತ್ತು. ಆ ದಿನದಿಂದ ಫೆಲಿಕ್ಸನ ಬಾಯಲ್ಲಿ ಖಾಲಿ ಎಂಬ ಮಾತೇ ಬರಲಿಲ್ಲ.

ಈ ಮಕ್ಕಳಿಗೆ ಬೆಲ್ಟು ಹಾಕುವಾಗೆಲ್ಲ ಅವಳಿಗೆ ಊರಿನ ಸಂಕ ನೆನಪಾಗುತ್ತಿತ್ತು. ಪಡುಬೈಲಿನಲ್ಲಿ ತೋಡಿಗೆ ಅಡ್ಡ ಹಾಕಿದ ಎರಡು ತೆಂಗಿನ ಮರ, ಸೇತುವೆ ಅಂದರೆ ಅಷ್ಟೇ. ಹಿಡಿಯಲಿಕ್ಕೆ ಒಂದು ಹಗ್ಗವೂ ಇಲ್ಲ. ತೋಡಿನಾಚೆಯ ಮಕ್ಕಳು ಮಳೆಗಾಲದಲ್ಲೂ ಅದರ ಮೇಲೆಯೇ ಶಾಲೆಗೆ ಬರಬೇಕು. ಅದನ್ನು ಸರಿಮಾಡಿಸಬೇಕೆಂದೇ ಅವಳು ಗ್ರಾಮ ಪಂಚಾಯತಿಗೆ ನಿಂತದ್ದು. ವೋಟರ್ ಲಿಸ್ಟಿನಲ್ಲಿ ಹೆಸರು ಊರಲ್ಲೇ ಇತ್ತಲ್ಲ.

ಮೊದಲ ಸಲ ಪ್ರಚಾರ ಮಾಡಿದ್ದೆಲ್ಲಿ? ದುಬೈಯಲ್ಲಿ! ಪಡುಬೈಲಿನ ಗಂಡಸರು ಅರ್ಧಕ್ಕರ್ಧ ಇಲ್ಲೇ ಇದ್ದರು. ಬರ್ ದುಬೈಯ ಬಟ್ಟೆ ಅಂಗಡಿಗಳಿಗೆ ಹೋದಳು, ಶುಕ್ರವಾರದ ಜುಮಾ ನಮಾಜು ಮುಗಿದ ಮೇಲೆ ರೂಮು ರೂಮಿಗೆ ಹತ್ತಿದಳು, ಬಸ್ಸು ಹಿಡಿದು ಅಬುಧಾಬಿಗೂ ಹೋಗಿ ಬಂದಳು. ಸಂಕದ ಸಂಗತಿ ಹೇಳಿದರೆ ಎಲ್ಲರ ಕಣ್ಣಲ್ಲೂ ನೀರು. "ನಮ್ಮ ವೋಟು ನಿಮಗೇ ಅಕ್ಕ" ಎಂದು ಇನ್ನೂರು ಜನ ಆಣೆ ಹಾಕಿ ಹೇಳಿದರು. ವೋಟಿನ ದಿನ ಅವರೆಲ್ಲ ಇಲ್ಲೇ ಗಲ್ಫಿನಲ್ಲಿ ಡ್ಯೂಟಿಯಲ್ಲಿದ್ದರು. ಅವಳಿಗೆ ಬಿದ್ದದ್ದು ಮೂವತ್ತೇಳು.

"ಅಕ್ಕ, ನಿಮ್ಮ ವೋಟೆಲ್ಲ ಇಲ್ಲಿ, ಪೆಟ್ಟಿಗೆ ಮಾತ್ರ ಅಲ್ಲಿ," ಎಂದ ಫೆಲಿಕ್ಸ್. "ಮುಂದಿನ ಸಲ ಪೆಟ್ಟಿಗೆಯನ್ನೇ ಕಾರ್ಗೋದಲ್ಲಿ ತರಿಸುವ."

"ನೀನು ರೋಡು ನೋಡು ಮಾರಾಯ."

ನಕ್ಕಳೇನೋ ಹೌದು. ಆದರೆ ಸಂಕದ ಬಗ್ಗೆ ಅಷ್ಟು ಮಾತಾಡಿದವಳು ಆ ಸಂಕ ದಾಟಿ ಒಂದು ಮನೆಗೂ ಹೋಗಿರಲಿಲ್ಲ. ಅದು ಅವಳ ಎದೆಯಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತು.

ಐದು ವರ್ಷ ಕಳೆದು ಮತ್ತೆ ಚುನಾವಣೆ ಬಂತು, ಅದೂ ಶಾಲೆಯ ಚಳಿಗಾಲದ ರಜೆಯಲ್ಲೇ. ಗಂಡ ಅಲಿಕುಂಞಿ ಅಷ್ಟರಲ್ಲಿ ಕೆಲಸ ಬಿಟ್ಟು ಊರು ಸೇರಿದ್ದ. ಅವಳು ರಜೆಗೆ ಬಂದಿಳಿದಾಗ "ಈ ಸಲ ಸೋತರೆ ಖಲಾಸ್," ಎಂದ. "ಮತ್ತೆ ಈ ಮನೆಯಲ್ಲಿ ಚುನಾವಣೆಯ ಹೆಸರು ಎತ್ತಬಾರದು."

"ಆಗಬಹುದು," ಎಂದಳು.

ಅವಳಿಗೆ ಸಿಕ್ಕಿದ ಚುನಾವಣೆಯ ಗುರುತು ಕುಕ್ಕರು. ಈ ಸಲ ಒಬ್ಬ ಗಂಡಸಿನ ಹತ್ತಿರವೂ ಆಣೆ ಹಾಕಿಸಲಿಲ್ಲ. ಅಡುಗೆಮನೆಯ ಬಾಗಿಲಿಗೇ ಹೋಗಿ ಹೆಂಗಸರ ಹತ್ತಿರ ಕೂತಳು. ಪ್ರಚಾರದ ಕೊನೆಯ ಸಂಜೆ ತೋಡಿನ ಈಚೆಯ ಮನೆಗಳೆಲ್ಲ ಮುಗಿದಿದ್ದವು.

"ಸಾಕು ಮಾರಾಯ್ತಿ," ಎಂದ ಅಲಿಕುಂಞಿ. "ಆಚೆ ಇರುವುದು ಹನ್ನೊಂದೇ ಮನೆ. ಅವರು ವೋಟಿಗೆ ಬರುವ ಜನವೇ ಅಲ್ಲ."

"ನೋಡದೆ ಹೇಗೆ ಹೇಳುವುದು?" ಎಂದು ಚಪ್ಪಲಿ ಕೈಯಲ್ಲಿ ಹಿಡಿದು ಸಂಕ ಹತ್ತಿದಳು. ಐವತ್ತೈದು ವರ್ಷದ ಕಾಲು, ಹೆಜ್ಜೆಗೆ ಹೆಜ್ಜೆ ತಾಗಿಸಿ ದಾಟಿತು.

ಆಚೆಯ ಮೊದಲ ಮನೆಯ ಮುದುಕ ಧರ್ಮಪಾಲ ಜಗಲಿಯಿಂದಲೇ ನೋಡುತ್ತಿದ್ದರು. "ಎಲ್ಲರೂ ಆ ಬದಿಯಲ್ಲಿ ನಿಂತು ಕೈಬೀಸಿ ಹೋಗುವುದು. ದಾಟಿ ಬಂದದ್ದು ನೀವೇ ಮೊದಲು. ಹೆದರಿಕೆ ಆಯಿತಾ?"

"ಆಯಿತು ಮಾರಾಯ್ರೆ. ಜೀವ ಬಾಯಿಗೆ ಬಂತು. ದಿನಾ ದಾಟುವ ಮಕ್ಕಳಿಗೆ ಹೇಗಾಗಬೇಡ?"

ಮುದುಕರು ಎದ್ದು ಜಗಲಿಯಲ್ಲಿ ಚಾಪೆ ಹಾಸಿದರು. ವೋಟಿನ ದಿನ ಆಚೆಯ ಮೂವತ್ತನಾಲ್ಕು ಮಂದಿ ಒಬ್ಬರ ಹಿಂದೆ ಒಬ್ಬರು ಸಂಕ ದಾಟಿ ಬಂದರು. ನಡೆಯಲಾಗದ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು.

ಎಣಿಕೆಯ ಹೊತ್ತಿಗೆ ರಜೆ ಮುಗಿದು ಮೈಮೂನಕ್ಕ ಮತ್ತೆ ಬಸ್ಸಿನಲ್ಲಿದ್ದಳು. ಮಧ್ಯಾಹ್ನ ಶಾಲೆ ಬಿಡುವ ಮೊದಲು ಅಲಿಕುಂಞಿಯ ಫೋನು ಬಂತು: "ಹನ್ನೆರಡು ವೋಟು ಹಿಂದೆ. ಇನ್ನು ಒಂದೇ ಕಟ್ಟು ಬಾಕಿ." ಬಸ್ಸಿನಲ್ಲಿ ಮಕ್ಕಳಿರುವಾಗ ಫೋನು ಮುಟ್ಟುವ ಹಾಗಿಲ್ಲ. ಚೀಲಕ್ಕೆ ಹಾಕಿದಳು.

ಎರಡನೇ ಬಿಲ್ಡಿಂಗಿನಲ್ಲಿ ಫೋನು ಬಡಿದುಕೊಂಡಿತು. ನಾಲ್ಕನೆಯದರಲ್ಲಿ ಮತ್ತೆ. ಮತ್ತೆ ನಿಲ್ಲಲೇ ಇಲ್ಲ.

"ಆಂಟಿ, ಯುವರ್ ಫೋನ್! ಪಿಕ್ ಇಟ್ ಅಪ್!" ಎಂದು ಕೂಗಿದಳು ಮಿನ್ಹಾ. ಈಗ ಅವಳು ಐದನೇ ಕ್ಲಾಸು.

"ನೀನು ಬೆಲ್ಟು ಹಾಕು ಮೊದಲು."

"ಎತ್ತಿ ಅಕ್ಕ," ಎಂದ ಫೆಲಿಕ್ಸ್. "ನಾನು ಕಣ್ಣು ಮುಚ್ಚಿಕೊಳ್ಳುತ್ತೇನೆ."

"ಡ್ರೈವರ್ ಕಣ್ಣು ಮುಚ್ಚಿದರೆ ಎಲ್ಲರೂ ಖಲಾಸ್!"

ಮಕ್ಕಳು ಬಿದ್ದು ಬಿದ್ದು ನಕ್ಕರು. ಅವಳು ಮಾತ್ರ ಇಳಿಯುವ ಮಕ್ಕಳನ್ನು ಎಣಿಸುತ್ತಲೇ ಇದ್ದಳು. ಮೂವತ್ತೆಂಟು, ಮೂವತ್ತೊಂಬತ್ತು, ನಲವತ್ತು. ಕೊನೆಯ ಬಿಲ್ಡಿಂಗಿನಲ್ಲಿ ಮಿನ್ಹಾಳನ್ನು ಅವಳ ತಾಯಿ ಅಸೀಲಾಳ ಕೈಗೆ ಕೊಟ್ಟಳು. ನಲವತ್ತೊಂದು. ಚೀಲದಲ್ಲಿ ಫೋನು ಕುಣಿಯುತ್ತಲೇ ಇತ್ತು.

"ಇನ್ನಾದರೂ ಎತ್ತಿ ಮೈಮೂನಕ್ಕ!" ಎಂದಳು ಅಸೀಲಾ.

ಮೈಮೂನಕ್ಕ ತಿರುಗಿ ಬಸ್ಸು ಹತ್ತಿದಳು. ಒಂದೊಂದೇ ಸೀಟು ನೋಡುತ್ತ, ಅಡಿಗೆ ಬಗ್ಗುತ್ತ, ಕೊನೆಯವರೆಗೆ ನಡೆದಳು. ಯಾರೂ ಇಲ್ಲ. ಗುಂಡಿ ಒತ್ತಿದಳು. ಆ ಕೊನೆಯ ಸೀಟಿನಲ್ಲೇ ಕೂತು ಫೋನು ಎತ್ತಿದಳು.

"ಎಲ್ಲಿ ಸತ್ತಿದ್ದೆ ಮಾರಾಯ್ತಿ? ಹದಿನಾಲ್ಕು ಸಲ ಫೋನು ಮಾಡಿದೆ!" ಅಲಿಕುಂಞಿಯ ಹಿಂದೆ ಪಟಾಕಿಯ ಸದ್ದು. "ನೀನು ಗೆದ್ದೆ! ಹತ್ತೊಂಬತ್ತು ವೋಟಿನಲ್ಲಿ ಗೆದ್ದೆ! ಧರ್ಮಪಾಲರು ರೋಡಿನಲ್ಲಿ ಕುಣಿಯುತ್ತಿದ್ದಾರೆ, ಕುಕ್ಕರು ತಲೆಯ ಮೇಲೆ ಹೊತ್ತುಕೊಂಡು!"

ಅವಳ ಮುಖ ನೋಡಿಯೇ ಫೆಲಿಕ್ಸನಿಗೆ ತಿಳಿಯಿತು. ಇಡೀ ಗಲ್ಲಿ ತಿರುಗಿ ನೋಡುವ ಹಾಗೆ ಹಾರ್ನು ಒತ್ತಿದ. ಕೆಳಗೆ ಮಿನ್ಹಾ ಚಪ್ಪಾಳೆ ತಟ್ಟಿ ಕುಪ್ಪಳಿಸಿದಳು.

ಮೈಮೂನಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಇದ್ದೀರಾ? ವೀಸಾ ಕ್ಯಾನ್ಸಲ್ ಮಾಡಿ ಬರಲಿಕ್ಕೆ ನನಗೆ ಒಂದು ತಿಂಗಳು ಬೇಕು. ನೀವು ನಾಳೆಯೇ ಹೋಗಿ ಸಂಕಕ್ಕೆ ಎರಡೂ ಬದಿ ಗಟ್ಟಿ ಹಗ್ಗ ಕಟ್ಟಿಸಿ. ನನ್ನನ್ನು ಕಾಯಬೇಡಿ."

ಆ ಕಡೆ ಇನ್ನೊಂದು ಪಟಾಕಿ ಸಿಡಿಯಿತು. ಆಮೇಲೆ ಅಲಿಕುಂಞಿ ಅಂದ, "ಆಗಬಹುದು ಮೆಂಬರೇ."