ಹೆಸರು ಉಳಿದ ಬೆಟ್ಟ

ಅವರ ಬಲಗಣ್ಣಿನ ಸುತ್ತ ಬಳೆ ಒತ್ತಿದಂಥ ಒಂದು ಗುರುತಿತ್ತು. ಮೂವತ್ತು ವರ್ಷ ಭೂತಗನ್ನಡಿಯನ್ನು ಕಣ್ಣಿಗೊತ್ತಿಕೊಂಡು ನಕ್ಷೆಗಳ ತಪ್ಪು ಹುಡುಕಿದವರು. ಪರದೇಶದ ತಂಜಾಂಗ್ ಪಗಾರ್‌ನಲ್ಲಿದ್ದ ನಮ್ಮ ನಕ್ಷೆ ಆಫೀಸಿನಲ್ಲಿ ಎಲ್ಲರಿಗೂ ಅವರು ಮ್ಯಾಪ್ ಅಂಕಲ್. ನಾನೂ ಮೈಸೂರಿನವನೆಂದು ಗೊತ್ತಾದ ದಿನ ತಮ್ಮ ಡಬ್ಬಿಯ ಪುಳಿಯೋಗರೆಯಲ್ಲಿ ಅರ್ಧ ನನಗೆ ಕೊಟ್ಟರು. ಕೊಟ್ಟ ಕೈಯಲ್ಲೇ ನನ್ನ ಕೆಲಸದಲ್ಲಿ ಹನ್ನೊಂದು ತಪ್ಪು ತೋರಿಸಿದರು.

ಎರಡು ಸಾವಿರದ ದಶಕದ ಭರಾಟೆಯ ದಿನಗಳು. ಎಲ್ಲಿ ನೋಡಿದರೂ ಕ್ರೇನು, ಎಲ್ಲರ ಬಾಯಲ್ಲೂ ಹೊಸ ಕಾಂಡೋ ಫ್ಲ್ಯಾಟುಗಳ ಮಾತು. ಕಾಗದದ ನಕ್ಷೆಗಳನ್ನೆಲ್ಲ ಕಂಪ್ಯೂಟರಿಗೆ ತುಂಬುವ ಅವಸರ ನಮ್ಮದು. ನನಗೋ ಕೊಬ್ಬು ಸ್ವಲ್ಪ ಜಾಸ್ತಿಯೇ ಇತ್ತು. ಜನವಿಲ್ಲದ, ರಸ್ತೆಯಿಲ್ಲದ ಜಾಗಗಳ ಹೆಸರನ್ನು ತಾನಾಗಿ ಅಳಿಸುವ ಪ್ರೋಗ್ರಾಂ ಬರೆದೆ. ನಕ್ಷೆ ಹಗುರಾಯಿತು, ಮ್ಯಾನೇಜರ್ ಬೆನ್ನು ತಟ್ಟಿದ.

ಅಂಕಲ್ ಮಾತ್ರ ದಕ್ಷಿಣ ಧ್ರುವದ ಹತ್ತಿರ ಬೆರಳಿಟ್ಟರು. ಅಲ್ಲೊಂದು ಅಗ್ನಿಪರ್ವತ. ಯುದ್ಧದಲ್ಲಿ ಸತ್ತ ಯಾರೋ ಸೈನಿಕನ ನೆನಪಿಗೆ ಅವನ ಹೆಸರನ್ನೇ ಅದಕ್ಕೆ ಇಟ್ಟಿದ್ದರು. ಈಗ ಬೆಟ್ಟವಿತ್ತು, ಹೆಸರಿರಲಿಲ್ಲ.

"ಪೆಂಗ್ವಿನ್ ಬಿಟ್ರೆ ಅದನ್ನ ಯಾರು ಓದ್ತಾರೆ ಅಂಕಲ್?" ಅಂದೆ.

ಅವರು ನಗಲಿಲ್ಲ. ತಮ್ಮ ಅಣ್ಣನ ವಿಷಯ ಹೇಳಿದರು. ಮದುವೆಗೆ ಮುಂಚೆಯೇ ಗಡಿಯಲ್ಲಿ ಗುಂಡೇಟಿಗೆ ಸಿಕ್ಕಿ ಸತ್ತವರು. "ಅವನಿಗೆ ಮಕ್ಕಳಿಲ್ಲ, ನನಗೂ ಇಲ್ಲ. ನಾನಿರೋವರೆಗೆ ತರ್ಪಣದಲ್ಲಿ ಅವನ ಹೆಸರು ಹೇಳ್ತೀನಿ. ಆಮೇಲೆ ಹೇಳೋರಿಲ್ಲಪ್ಪ. ಈ ನಕ್ಷೆಯ ಸೈನಿಕ ಹುಡುಗನಿಗೆ ಒಂದು ಬೆಟ್ಟನಾದ್ರೂ ಇದೆ. ಅದನ್ನೂ ನೀನು ಡಿಲೀಟ್ ಮಾಡ್ತೀಯ."

ನನಗೆ ನಾಚಿಕೆಯಾಯಿತು. ಹೆಸರನ್ನು ವಾಪಸ್ ಹಾಕಿದೆ. ಅಷ್ಟಕ್ಕೆ ಸುಮ್ಮನಿರಬೇಕಿತ್ತು, ಇರಲಿಲ್ಲ. ಪಕ್ಕದ ಹೆಸರಿಲ್ಲದ ಗುಡ್ಡವೊಂದಕ್ಕೆ ಅವರ ಅಣ್ಣನ ಹೆಸರು ಟೈಪ್ ಮಾಡಿ, ಭಾರೀ ಉಪಕಾರ ಮಾಡಿದವನ ಹಾಗೆ ತೋರಿಸಿದೆ. ಅವರು ಬಹಳ ಹೊತ್ತು ಆ ಹೆಸರನ್ನೇ ನೋಡಿದರು.

"ಚೆನ್ನಾಗಿದೆ. ಅಳಿಸು," ಅಂದರು. "ನಕ್ಷೆಯಲ್ಲಿ ಸುಳ್ಳು ಬರೀಬಾರದು."

ನಾನು ಅಳಿಸುವವರೆಗೂ ಪಕ್ಕದಿಂದ ಏಳಲಿಲ್ಲ.

ಅಂದಿನಿಂದ ಯಾವ ಹೆಸರನ್ನೂ ಓದದೆ ಅಳಿಸಿಲ್ಲ. ಈ ಕಸುಬಿನಲ್ಲಿ ಇವತ್ತು ನನ್ನ ಮಾತಿಗೆ ಬೆಲೆಯಿದೆ; ಅದು ಅವರು ಬೈದು ಕಲಿಸಿದ್ದು.

ಅವರು ಅದೇ ಊರಿನ ಪಾಸಿರ್ ರಿಸ್ ಬಡಾವಣೆಯ ತಮ್ಮ ಮನೆಯಲ್ಲಿ ತೀರಿಕೊಂಡರು. ಮರುವರ್ಷ ಮಹಾಲಯ ಅಮಾವಾಸ್ಯೆಯಂದು ನಮ್ಮಪ್ಪನಿಗೆ ಎಳ್ಳುನೀರು ಬಿಟ್ಟ ಮೇಲೆ, ಇನ್ನೆರಡು ಹೆಸರು ಇವೆ ಎಂದು ಪುರೋಹಿತರಿಗೆ ಹೇಳಿದೆ. ಅವರ ಗೋತ್ರವನ್ನು ಅಂಕಲ್ ಹೆಂಡತಿ ಆಂಟಿಯಿಂದ ಮೊದಲೇ ಕೇಳಿ ತಿಳಿದುಕೊಂಡಿದ್ದೆ. ಪುರೋಹಿತರು, ಇವರು ನಿಮಗೇನಾಗಬೇಕು ಎಂದು ಕೇಳಿದರು.

"ಒಬ್ಬರು ಗುರುಗಳು," ಅಂದೆ. "ಇನ್ನೊಬ್ಬರು ಅವರ ಅಣ್ಣ. ಹೆಸರು ಹೇಳೋಕೆ ನಾನಿದ್ದೀನಿ."